ಸೈಪೈಯ ‘ಲಿನ್‌ಪ್ರಾಗ್’: ಮಿತಿ ಬರೆಯದಿದ್ದರೆ ಸೊನ್ನೆಯೇ ಕೆಳಮಿತಿ

ಪೈಥಾನ್ ಭಾಷೆಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಸಮಸ್ಯೆಗಳನ್ನು, ಅಂದರೆ ಕೊಟ್ಟ ರೇಖೀಯ ನಿರ್ಬಂಧಗಳೊಳಗೆ ಖರ್ಚಿನಂಥ ಮೊತ್ತವೊಂದನ್ನು ಕನಿಷ್ಠ ಅಥವಾ ಗರಿಷ್ಠ ಮಾಡುವ ಲೆಕ್ಕಗಳನ್ನು, ಬಿಡಿಸಲು ಹೊರಟವರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವುದು ಸೈಪೈ ಲೈಬ್ರರಿಯ ‘ಲಿನ್‌ಪ್ರಾಗ್’ ಎಂಬ ಫಂಕ್ಷನ್. ಅದು ಉಚಿತವಾಗಿ ದೊರೆಯುತ್ತದೆ, ಸುಲಭವಾಗಿ ಇನ್‌ಸ್ಟಾಲ್ ಆಗುತ್ತದೆ, ಒಂದೇ ಸಾಲಿನ ಕರೆಯಲ್ಲಿ ಉತ್ತರ ಕೊಡುತ್ತದೆ. ಅದರ ವೇಗದ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಈ ವಿಮರ್ಶೆ ಅದರ ಒಂದೇ ಆರ್ಗ್ಯುಮೆಂಟನ್ನು ಕುರಿತದ್ದು: ಪ್ರತಿಯೊಂದು ಚರವೂ ಎಷ್ಟಕ್ಕಿಂತ ಕಡಿಮೆಯಾಗಬಾರದು, ಎಷ್ಟನ್ನು ಮೀರಬಾರದು ಎಂಬುದನ್ನು ಲೆಕ್ಕ ಬಿಡಿಸುವ ಪ್ರೋಗ್ರಾಂ ಆದ ಸಾಲ್ವರ್‌ಗೆ ತಿಳಿಸುವ ‘ಬೌಂಡ್ಸ್’. ನಾನು ಪಶು ಆಹಾರದ ಮಿಶ್ರಣದ ಲೆಕ್ಕಗಳಿಗೆ ಈ ಫಂಕ್ಷನ್ನನ್ನು ನಿತ್ಯ ಬಳಸುವವನಾದ್ದರಿಂದ, ಉತ್ತರ ಸರಿಯೋ ತಪ್ಪೋ ಎಂಬುದು ಬಹುಪಾಲು ಈ ಒಂದು ಆರ್ಗ್ಯುಮೆಂಟಿನಲ್ಲೇ ನಿರ್ಧಾರವಾಗುತ್ತದೆ ಎಂಬುದನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಲಿನ್‌ಪ್ರಾಗ್ ಮಿತಿಗಳನ್ನು ನಡೆಸಿಕೊಳ್ಳುವ ರೀತಿ ಬಹಳ ಚೆನ್ನಾಗಿದೆ. ಆದರೆ ಮಿತಿ ಬರೆಯದೆ ಬಿಟ್ಟಾಗ ಅದು ತಾನಾಗಿ ಊಹಿಸಿಕೊಳ್ಳುವ ಮಿತಿಯನ್ನು ಯಾರೂ ನಂಬಿ ಕೂರಬಾರದು.

ಮೊದಲು ವಸ್ತುವಿನ ಪರಿಚಯ. ಲಿನ್‌ಪ್ರಾಗ್ ಯಾವಾಗಲೂ ಕನಿಷ್ಠವನ್ನೇ ಹುಡುಕುತ್ತದೆ. ಗರಿಷ್ಠ ಬೇಕಾದರೆ ಉದ್ದೇಶ ಫಲನದ, ಅಂದರೆ ಕನಿಷ್ಠವಾಗಿಸಬೇಕಾದ ಮೊತ್ತದ, ಗುಣಾಂಕಗಳ ಚಿಹ್ನೆಯನ್ನು ನಾವೇ ತಿರುಗಿಸಬೇಕು. ಅಸಮತೆಗಳನ್ನು ‘ಇಷ್ಟಕ್ಕಿಂತ ಕಡಿಮೆ ಅಥವಾ ಸಮ’ ಎಂಬ ಒಂದೇ ದಿಕ್ಕಿನಲ್ಲಿ ಕೊಡಬೇಕು; ‘ಕನಿಷ್ಠ ಇಷ್ಟಿರಬೇಕು’ ಎನ್ನುವ ನಿರ್ಬಂಧಕ್ಕೂ ಎರಡೂ ಬದಿಯ ಚಿಹ್ನೆ ತಿರುಗಿಸಬೇಕು. ಒಳಗೆ ದುಡಿಯುವ ಸಾಲ್ವರ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಹೈಸ್’. ಅದು ಸೈಪೈಯ 1.6ನೇ ಆವೃತ್ತಿಯಲ್ಲಿ ಒಳಬಂದು, 2022ರಲ್ಲಿ ಬಿಡುಗಡೆಯಾದ 1.9ನೇ ಆವೃತ್ತಿಯಿಂದ ಡೀಫಾಲ್ಟ್ ವಿಧಾನವಾಗಿದೆ, ಅಂದರೆ ನಾವು ಬೇರೆ ಹೇಳದಿದ್ದರೆ ತಾನಾಗಿ ಬಳಕೆಯಾಗುತ್ತದೆ. ಅದಕ್ಕೂ ಹಿಂದಿನ ವಿಧಾನಗಳನ್ನು ಬಳಸಿ ಬೇಸರಗೊಂಡು ಲಿನ್‌ಪ್ರಾಗನ್ನು ಬಿಟ್ಟವರು ಮತ್ತೊಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಹೆಸರು ಅದೇ ಉಳಿದಿದ್ದರೂ ಒಳಗಿನ ಯಂತ್ರ ಸಂಪೂರ್ಣ ಬದಲಾಗಿದೆ.

ಬೌಂಡ್ಸ್ ಬರೆಯುವ ಕ್ರಮ ಸರಳವಾದದ್ದು. ಪ್ರತಿ ಚರಕ್ಕೂ ಒಂದು ಜೋಡಿ: ಮೊದಲನೆಯದು ಕೆಳಮಿತಿ, ಎರಡನೆಯದು ಮೇಲ್ಮಿತಿ. ಒಂದು ಬದಿಗೆ ಮಿತಿಯೇ ಇಲ್ಲವಾದರೆ ಅಲ್ಲಿ ಪೈಥಾನಿನಲ್ಲಿ ‘ಏನೂ ಇಲ್ಲ’ ಎಂದು ಸೂಚಿಸುವ ‘ನನ್’ (None) ಬರೆಯಬೇಕು, ಇಲ್ಲವೇ ಸಂಖ್ಯಾ ಲೆಕ್ಕಗಳ ಲೈಬ್ರರಿಯಾದ ನಂಪೈಯ ಅನಂತವನ್ನು ಇಡಬಹುದು. ಎರಡೂ ಸಂಖ್ಯೆಗಳು ಒಂದೇ ಆಗಿದ್ದರೆ ಆ ಚರ ಅಲ್ಲಿಗೇ ಕಟ್ಟಿಹಾಕಿದಂತೆ. ಒಂದೇ ಜೋಡಿಯನ್ನು ಕೊಟ್ಟರೆ ಅದು ಎಲ್ಲ ಚರಗಳಿಗೂ ಅನ್ವಯಿಸುತ್ತದೆ. ಏನನ್ನೂ ಕೊಡದಿದ್ದರೆ ಪ್ರತಿ ಚರಕ್ಕೂ (0, ನನ್), ಅಂದರೆ ಸೊನ್ನೆಯಿಂದ ಅನಂತದವರೆಗೆ ಎಂದು ಅದು ತಿಳಿಯುತ್ತದೆ. ಈ ಕೊನೆಯ ವಾಕ್ಯದಲ್ಲೇ ನನ್ನ ಮೆಚ್ಚುಗೆಯೂ ಆಕ್ಷೇಪವೂ ಹುಟ್ಟುವುದು.

ನನ್ನ ಕೆಲಸದ ಲೆಕ್ಕವನ್ನೇ ಚಿಕ್ಕದು ಮಾಡಿ ಮುಂದಿಡುತ್ತೇನೆ. ಹಾಲು ಕೊಡುವ ಹಸುಗಳಿಗೆ 100 ಕಿಲೋ ದಾಣಿ ಮಿಶ್ರಣ ಬೇಕು. ಅದರಲ್ಲಿ ಕನಿಷ್ಠ 20 ಕಿಲೋ ಪ್ರೋಟೀನ್ ಇರಬೇಕು. ಖರ್ಚು ಆದಷ್ಟು ಕಡಿಮೆಯಾಗಬೇಕು. ಪದಾರ್ಥಗಳು ಆರು. ಮೆಕ್ಕೆಜೋಳದಲ್ಲಿ ಶೇಕಡಾ 9 ಪ್ರೋಟೀನ್, ಕಿಲೋಗೆ 24 ರೂಪಾಯಿ. ಕಡಲೆಕಾಯಿ ಹಿಂಡಿಯಲ್ಲಿ ಶೇಕಡಾ 40, ದರ 45 ರೂಪಾಯಿ. ಗೋಧಿ ಬೂಸಾದಲ್ಲಿ ಶೇಕಡಾ 14, ದರ 22 ರೂಪಾಯಿ. ಯೂರಿಯಾ 10 ರೂಪಾಯಿ. ಖನಿಜ ಮಿಶ್ರಣ 80 ರೂಪಾಯಿ. ಉಪ್ಪು 8 ರೂಪಾಯಿ. ಈ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವೇ ಹೊರತು ಮಾರುಕಟ್ಟೆಯ ದರಪಟ್ಟಿಯಲ್ಲ. ಯೂರಿಯಾದಲ್ಲಿ ಪ್ರೋಟೀನ್ ಇಲ್ಲ, ಆದರೆ ಶೇಕಡಾ 46ರಷ್ಟು ಸಾರಜನಕವಿದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಸಾರಜನಕದಿಂದ ಪ್ರೋಟೀನ್ ಕಟ್ಟಿಕೊಳ್ಳುವುದರಿಂದ, ಸಾರಜನಕವನ್ನು 6.25ರಿಂದ ಗುಣಿಸುವ ರೂಢಿಯಂತೆ ಒಂದು ಕಿಲೋ ಯೂರಿಯಾವನ್ನು 2.875 ಕಿಲೋ ಪ್ರೋಟೀನಿಗೆ ಸಮವೆಂದು ಬರೆಯುತ್ತಾರೆ. ಹೀಗಿದ್ದರೂ ದಾಣಿಯಲ್ಲಿ ಅದು ಶೇಕಡಾ 1ರ ಆಸುಪಾಸನ್ನು ಮೀರಬಾರದು. ಮೀರಿದರೆ ಹೊಟ್ಟೆಯಲ್ಲಿ ಅಮೋನಿಯಾ ಹೆಚ್ಚಿ ಹಸುವಿನ ಪ್ರಾಣಕ್ಕೇ ಕುತ್ತು ಬರುತ್ತದೆ.

ಈ ಸಮಸ್ಯೆಯನ್ನು ಬೌಂಡ್ಸ್ ಬರೆಯದೆ ಲಿನ್‌ಪ್ರಾಗ್‌ಗೆ ಕೊಡಿ. ಉತ್ತರ ಕ್ಷಣದಲ್ಲಿ ಬರುತ್ತದೆ: ಉಪ್ಪು 93.04 ಕಿಲೋ, ಯೂರಿಯಾ 6.96 ಕಿಲೋ, ಉಳಿದದ್ದೆಲ್ಲ ಸೊನ್ನೆ, ಖರ್ಚು 813.91 ರೂಪಾಯಿ. ಸ್ಥಿತಿ ಸಂಖ್ಯೆ 0, ಅಂದರೆ ಯಶಸ್ವಿಯಾಗಿ ಮುಗಿದಿದೆ, ಶ್ರೇಷ್ಠ ಉತ್ತರ ಸಿಕ್ಕಿದೆ. ಗಣಿತದ ಮಟ್ಟಿಗೆ ಅದು ನಿಜವೂ ಹೌದು. ನಾವು ಹೇಳಿದ್ದು ಒಟ್ಟು ತೂಕ 100 ಎಂದು, ಪ್ರೋಟೀನ್ 20ಕ್ಕೆ ಕಡಿಮೆಯಾಗಬಾರದು ಎಂದು, ಎರಡೂ ಪಾಲನೆಯಾಗಿವೆ. ಹಸುವಿನ ಪ್ರಾಣ ಉಳಿಸುವ ಮಾತನ್ನು ನಾವು ಹೇಳಿರಲಿಲ್ಲ.

ಈಗ ಯೂರಿಯಾಕ್ಕೆ (0, 1), ಖನಿಜ ಮಿಶ್ರಣಕ್ಕೆ (2, 2), ಉಪ್ಪಿಗೆ (1, 1) ಎಂದು ಬರೆದರೆ, ಬೂಸಾ 81.83 ಕಿಲೋ, ಹಿಂಡಿ 14.17 ಕಿಲೋ, ಮೆಕ್ಕೆಜೋಳ ಸೊನ್ನೆ ಎಂಬ ಉತ್ತರ 2615.98 ರೂಪಾಯಿಗೆ ಸಿಗುತ್ತದೆ. ಇದು ವಿಷವಲ್ಲವಾದರೂ ದಾಣಿ ಎನ್ನಲಾಗದು, ಅದು ಬರಿಯ ಬೂಸಾ. ಬೂಸಾಕ್ಕೆ (0, 40) ಎಂಬ ಮೇಲ್ಮಿತಿ ಹಾಕಿದಾಗ ಮೆಕ್ಕೆಜೋಳ 35.08, ಹಿಂಡಿ 20.92, ಬೂಸಾ 40, ಯೂರಿಯಾ 1, ಖನಿಜ 2, ಉಪ್ಪು 1 ಕಿಲೋ ಬಂದು, ಖರ್ಚು 2841.31 ರೂಪಾಯಿಯಾಗುತ್ತದೆ. ಮೂರು ಸಲವೂ ನಿರ್ಬಂಧಗಳ ಮ್ಯಾಟ್ರಿಕ್ಸ್ ಅದೇ, ದರಗಳು ಅವೇ. ಬದಲಾದದ್ದು ಬೌಂಡ್ಸ್ ಮಾತ್ರ. ದಾಣಿಯ ಬಗ್ಗೆ ಅನುಭವಸ್ಥರ ತಲೆಯಲ್ಲಿರುವ ತಿಳಿವಳಿಕೆಯೆಲ್ಲ ಕೋಡಿನೊಳಗೆ ಇಳಿಯುವುದು ಈ ಜೋಡಿಗಳ ಮೂಲಕವೇ.

ಇದು ಹೊಸ ಕಥೆಯೇನಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ 77 ಆಹಾರ ಪದಾರ್ಥಗಳಿಂದ ಒಬ್ಬ ಮನುಷ್ಯನ ವರ್ಷದ ಪೋಷಣೆಯನ್ನು ಕನಿಷ್ಠ ಖರ್ಚಿನಲ್ಲಿ ಪೂರೈಸುವ ಪ್ರಶ್ನೆ ಎತ್ತಿ, ಅಂದಾಜಿನಿಂದ 39.93 ಡಾಲರ್ ಎಂಬ ಉತ್ತರ ಕಂಡುಕೊಂಡಿದ್ದರು. ಗಣಿತಜ್ಞ ಜಾರ್ಜ್ ಡಾಂಟ್‌ಜಿಗ್ 1947ರಲ್ಲಿ ಇಂಥ ಸಮಸ್ಯೆಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದ ಬಳಿಕ ಅದನ್ನು ಪರೀಕ್ಷಿಸಿದ್ದು ಇದೇ ಪ್ರಶ್ನೆಯ ಮೇಲೆ. ಒಂಬತ್ತು ಮಂದಿ ಗುಮಾಸ್ತರು ಮೇಜಿನ ಲೆಕ್ಕಯಂತ್ರಗಳಲ್ಲಿ ಒಟ್ಟು 120 ಆಳುದಿನ ದುಡಿದು 39.69 ಡಾಲರ್ ಎಂಬ ನಿಜವಾದ ಕನಿಷ್ಠವನ್ನು ತಲುಪಿದರು. ಕೆಲವು ವರ್ಷಗಳ ನಂತರ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಡಾಂಟ್‌ಜಿಗ್ ತಮ್ಮ ತೂಕ ಇಳಿಸಿಕೊಳ್ಳಲು ಕಂಪ್ಯೂಟರಿನಿಂದಲೇ ಊಟದ ಪಟ್ಟಿ ಬರೆಸಲು ಹೊರಟರು. ಹೊಟ್ಟೆ ತುಂಬಿದ ಭಾವವನ್ನು, ಅಂದರೆ ನೀರಿನಂಶ ಕಳೆದ ಆಹಾರದ ತೂಕವನ್ನು, ಗರಿಷ್ಠವಾಗಿಸುವುದು ಅವರು ಇಟ್ಟುಕೊಂಡ ಉದ್ದೇಶ. ಮೊದಲ ಉತ್ತರದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು; ದತ್ತಾಂಶದಲ್ಲಿ ಅದರ ನೀರಿನಂಶ ಸೊನ್ನೆ ಎಂದು ನಮೂದಾಗಿತ್ತು. ವಿನೆಗರನ್ನು ಪಟ್ಟಿಯಿಂದ ತೆಗೆದರೆ ಮುಂದಿನ ಉತ್ತರದಲ್ಲಿ ದಿನಕ್ಕೆ 200 ಬುಯಾನ್ ಕ್ಯೂಬುಗಳು, ಎಂದರೆ ಸಾರಿನ ಸತ್ವವನ್ನು ಉಪ್ಪಿನೊಡನೆ ಒಣಗಿಸಿ ಮಾಡಿದ ಬಿಲ್ಲೆಗಳು ಬಂದವು. ಆಗ ಅವರು ದಿನಕ್ಕೆ ಮೂರೇ ಬಿಲ್ಲೆ ಎಂಬ ಮೇಲ್ಮಿತಿ ಹಾಕಿದರು. ಅದರ ಬೆನ್ನಿಗೇ ಎರಡು ಪೌಂಡ್ ಹೊಟ್ಟು ಬಂತು. ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ಚರಗಳಿಗೆ ಮೇಲ್ಮಿತಿ ಹಾಕುವ ಪದ್ಧತಿ ಶುರುವಾದದ್ದು ಹೀಗೆ ಎಂದು ಡಾಂಟ್‌ಜಿಗ್ ಅವರೇ 1990ರಲ್ಲಿ ನೆನೆದಿದ್ದಾರೆ. ಒಂದಕ್ಕೆ ಮಿತಿ ಹಾಕಿದರೆ ಇನ್ನೊಂದು ಉಕ್ಕುವುದು ನನ್ನ ದಾಣಿಯ ಲೆಕ್ಕದಲ್ಲೂ ಹಾಗೆಯೇ: ಯೂರಿಯಾವನ್ನೂ ಉಪ್ಪನ್ನೂ ಹಿಡಿದರೆ ಬೂಸಾ ಮೇಲೇರಿತು.

ಮೇಲ್ಮಿತಿ ಮರೆತದ್ದು ಹೀಗೆ ಕಣ್ಣಿಗೆ ಹೊಡೆಯುತ್ತದೆ. ಕೆಳಮಿತಿಯ ವಿಷಯ ಹಾಗಲ್ಲ, ಅಲ್ಲಿಯೇ ನನ್ನ ಆಕ್ಷೇಪ ಇರುವುದು. ದಾಣಿಯಲ್ಲಿ ಯಾವ ಪದಾರ್ಥವೂ ಋಣ ತೂಕದ್ದಾಗಿರಲು ಸಾಧ್ಯವಿಲ್ಲದ್ದರಿಂದ ಸೊನ್ನೆಯ ಕೆಳಮಿತಿ ತಾನಾಗಿ ಬಂದರೆ ಉಪಕಾರವೇ. ಆದರೆ ಚರಗಳೆಲ್ಲ ತೂಕಗಳಲ್ಲ. ದತ್ತಾಂಶಕ್ಕೆ ಸರಳರೇಖೆ ಹೊಂದಿಸುವ ಕೆಲಸವನ್ನೇ ತೆಗೆದುಕೊಳ್ಳೋಣ. ವ್ಯತ್ಯಾಸಗಳ ವರ್ಗಗಳ ಬದಲು ಅವುಗಳ ಪರಿಮಾಣಗಳ ಮೊತ್ತವನ್ನೇ ಕನಿಷ್ಠವಾಗಿಸುವ ವಿಧಾನ ಒಂದು ಅಚ್ಚುಕಟ್ಟಾದ ಲೀನಿಯರ್ ಪ್ರೋಗ್ರಾಮಿಂಗ್ ಸಮಸ್ಯೆ, ಅನೇಕ ಕಾಲೇಜುಗಳಲ್ಲಿ ಅಭ್ಯಾಸಕ್ಕೆ ಕೊಡುವಂಥದ್ದು. ಬಿಂದುಗಳು (1, 9), (2, 7), (3, 5) ಆಗಿರಲಿ. ಇಳಿಜಾರು −2, ಅಡ್ಡಛೇದ 11 ಆಗಿರುವ ರೇಖೆ ಮೂರರ ಮೂಲಕವೂ ಹಾದುಹೋಗುತ್ತದೆ. ಒಟ್ಟು ವ್ಯತ್ಯಾಸ ಸೊನ್ನೆ. ಬೌಂಡ್ಸ್ ಬರೆಯದೆ ಲಿನ್‌ಪ್ರಾಗ್‌ಗೆ ಕೊಟ್ಟರೆ ಅದು ಕೊಡುವ ಉತ್ತರ: ಇಳಿಜಾರು 0, ಅಡ್ಡಛೇದ 7, ಒಟ್ಟು ವ್ಯತ್ಯಾಸ 4. ಸ್ಥಿತಿ ಸಂಖ್ಯೆ ಇಲ್ಲಿಯೂ 0. ಸಂದೇಶ ಇಲ್ಲಿಯೂ ಶ್ರೇಷ್ಠ ಉತ್ತರ ಸಿಕ್ಕಿದೆ ಎಂದೇ. ಎಚ್ಚರಿಕೆಯ ಒಂದು ಸಾಲೂ ಇಲ್ಲ. ಮೂರು ಬಿಂದುಗಳಿದ್ದಾಗ ಇದನ್ನು ಯಾರಾದರೂ ಗುರುತಿಸಿಯಾರು. ಮುನ್ನೂರು ಬಿಂದುಗಳೂ ಎಂಟು ಗುಣಾಂಕಗಳೂ ಇದ್ದು, ಅವುಗಳಲ್ಲಿ ಎರಡು ಸೊನ್ನೆಯಾಗಿ ಬಂದರೆ, ಆ ಎರಡು ಅಂಶಗಳಿಗೆ ಪ್ರಭಾವವೇ ಇಲ್ಲ ಎಂದು ವರದಿ ಬರೆದುಬಿಡುವ ಸಂಭವವೇ ಹೆಚ್ಚು. ಲಾಭ ನಷ್ಟ ಎರಡೂ ಆಗಬಹುದಾದ ಖಾತೆಯ ಬಾಕಿ, ಆಟದ ಸಿದ್ಧಾಂತದಲ್ಲಿ ಬರುವ ಆಟದ ಮೌಲ್ಯ, ಗರಿಷ್ಠ ನಷ್ಟವನ್ನು ಕನಿಷ್ಠಗೊಳಿಸಲು ಸೇರಿಸಿಕೊಳ್ಳುವ ಸಹಾಯಕ ಚರ, ಇವೆಲ್ಲಕ್ಕೂ ಇದೇ ಅಪಾಯವಿದೆ.

ಪರಿಹಾರ ಕಷ್ಟದ್ದಲ್ಲ: ಆ ಚರಗಳಿಗೆ (ನನ್, ನನ್) ಎಂದು ಬರೆದರೆ ಆಯಿತು. ಹಳೆಯ ಪಠ್ಯಪುಸ್ತಕಗಳು ಹೇಳುವಂತೆ ಒಂದು ಚರವನ್ನು ಎರಡು ಋಣವಲ್ಲದ ಚರಗಳ ವ್ಯತ್ಯಾಸವಾಗಿ ಒಡೆಯುವ ಅಗತ್ಯವೂ ಇಲ್ಲ. ಹೈಸ್ ಮುಕ್ತ ಚರಗಳನ್ನು ನೇರವಾಗಿ ನಿಭಾಯಿಸುತ್ತದೆ. ಸೊನ್ನೆಯ ಡೀಫಾಲ್ಟ್ ಬಂದದ್ದು ಆ ಪಠ್ಯಪುಸ್ತಕಗಳ ಪ್ರಮಾಣಿತ ರೂಪದಿಂದಲೇ, ಅಲ್ಲಿ ಎಲ್ಲ ಚರಗಳೂ ಋಣವಲ್ಲದವು ಎಂಬುದು ಮೊದಲ ಷರತ್ತು. ಕಲಿಸುವ ಅನುಕೂಲಕ್ಕೆ ಮಾಡಿಕೊಂಡ ಷರತ್ತೊಂದು ಬಳಸುವ ಉಪಕರಣದಲ್ಲಿ ಮೌನವಾಗಿ ಕೂತಿದೆ.

ಈ ಡೀಫಾಲ್ಟಿನ ವಿಷಯದಲ್ಲಿ ಉಪಕರಣಗಳ ನಡುವೆ ಒಮ್ಮತವಿಲ್ಲದಿರುವುದು ಬಳಕೆದಾರರಿಗೆ ನಿಜವಾದ ತೊಂದರೆ. ಮ್ಯಾಟ್‌ಲ್ಯಾಬ್‌ನಲ್ಲಿಯೂ ಲಿನ್‌ಪ್ರಾಗ್ ಎಂಬ ಹೆಸರಿನದೇ ಫಂಕ್ಷನ್ ಇದೆ. ಅಲ್ಲಿ ಮಿತಿ ಕೊಡದ ಚರ ಎರಡೂ ಬದಿಗೆ ಮುಕ್ತ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮ್ಯಾಟ್‌ಲ್ಯಾಬ್‌ನಲ್ಲಿ ಬರೆದಿಟ್ಟ ಪ್ರಯೋಗಗಳನ್ನು ಪೈಥಾನಿಗೆ ತರುವಾಗ ಹೆಸರು ಒಂದೇ, ಆರ್ಗ್ಯುಮೆಂಟುಗಳ ಸಾಲೂ ಬಹುತೇಕ ಒಂದೇ ಎಂದು ಹಾಗೆಯೇ ನಕಲಿಸಿದರೆ, ಕೋಡ್ ಓಡುತ್ತದೆ, ಉತ್ತರ ಮಾತ್ರ ಬೇರೆಯಾಗಿರುತ್ತದೆ. ಆಕ್ಟೇವ್‌ನ ಜಿಎಲ್‌ಪಿಕೆ ಫಂಕ್ಷನ್ನಿನಲ್ಲಿ ಕೆಳಮಿತಿ ಕೊಡದಿದ್ದರೆ ಸೊನ್ನೆ. ಗುರೋಬಿಯಲ್ಲಿಯೂ ಸೊನ್ನೆ. ಪಲ್ಪ್, ಸಿವಿಎಕ್ಸ್‌ಪೈ, ಜಂಪ್ ಎಂಬ ಮಾದರಿ ಬರೆಯುವ ಲೈಬ್ರರಿಗಳಲ್ಲಿ ಚರ ಮುಕ್ತ. ಎಕ್ಸೆಲ್ ಸಾಲ್ವರ್‌ನಲ್ಲಿ ಮಿತಿಯಿಲ್ಲದ ಚರಗಳನ್ನು ಋಣವಲ್ಲದವಾಗಿಸುವ ಚೌಕವೊಂದಿದ್ದು, ಅದಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ. ಸಿ ಭಾಷೆಯಲ್ಲಿ ಜಿಎಲ್‌ಪಿಕೆಯನ್ನು ನೇರವಾಗಿ ಬಳಸುವವರಿಗೆ ಇನ್ನೊಂದು ಬಗೆಯ ಅಚ್ಚರಿ: ಹೊಸದಾಗಿ ಸೇರಿಸಿದ ಕಾಲಂ, ಅಂದರೆ ಚರ, ಸೊನ್ನೆಯಲ್ಲೇ ಸ್ಥಿರವಾಗಿರುತ್ತದೆ, ಮಿತಿಯ ಬಗೆ ಯಾವುದೆಂದು ಹೇಳಿ ಬಿಡಿಸುವವರೆಗೆ ಅದು ಕದಲುವುದಿಲ್ಲ. ಗೂಗಲ್‌ನ ಓಆರ್-ಟೂಲ್ಸ್‌ನ ಲೀನಿಯರ್ ಸಾಲ್ವರ್‌ನಲ್ಲಿ ಚರವೊಂದನ್ನು ಸೃಷ್ಟಿಸುವಾಗ ಕೆಳಮಿತಿ ಮೇಲ್ಮಿತಿ ಎರಡನ್ನೂ ಬರೆಯಲೇಬೇಕು. ಇವೆಲ್ಲವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಕೊನೆಯ ಕ್ರಮ. ಬರೆಯುವವನು ಪ್ರತಿ ಚರದ ಮುಂದೆ ಒಂದು ಕ್ಷಣ ನಿಂತು ಯೋಚಿಸುವಂತೆ ಅದು ಮಾಡುತ್ತದೆ.

ಹಾಗಾದರೆ ಪಲ್ಪ್‌ನಂತೆ ಚರವನ್ನು ಮುಕ್ತವಾಗಿ ಬಿಡುವುದು ಮೇಲೋ, ಲಿನ್‌ಪ್ರಾಗ್‌ನಂತೆ ಸೊನ್ನೆಗೆ ಕಟ್ಟುವುದು ಮೇಲೋ? ಡೀಫಾಲ್ಟ್ ನಮ್ಮ ಸಮಸ್ಯೆಗೆ ಹೊಂದದೆ ಹೋದಾಗ ಯಾವುದು ಆ ತಪ್ಪನ್ನು ಬಯಲು ಮಾಡುತ್ತದೆ ಎಂಬುದು ನನ್ನ ಅಳತೆಗೋಲು. ದಾಣಿಯ ಲೆಕ್ಕವನ್ನು ಪಲ್ಪ್‌ನಲ್ಲಿ ಬರೆದು, ಯೂರಿಯಾ, ಖನಿಜ, ಉಪ್ಪುಗಳಿಗೆ ಮಾತ್ರ ಮಿತಿ ಕೊಟ್ಟು, ಉಳಿದ ಮೂರಕ್ಕೆ ಕೆಳಮಿತಿ ಬರೆಯದೆ ಬಿಟ್ಟರೆ, ಮೆಕ್ಕೆಜೋಳವನ್ನೂ ಹಿಂಡಿಯನ್ನೂ ಋಣ ತೂಕದಲ್ಲಿ ‘ಹಾಕಿ’ ಬೂಸಾವನ್ನು ಏರಿಸುತ್ತ ಹೋದಂತೆ ಖರ್ಚು ಕೊನೆಯಿಲ್ಲದೆ ಇಳಿಯುತ್ತದೆ. ಸಾಲ್ವರ್ ಈ ಸಮಸ್ಯೆಗೆ ಮಿತಿಯೇ ಇಲ್ಲ ಎಂದು ಸಾರಿ ನಿಲ್ಲುತ್ತದೆ. ಹಾಗೆ ನಿಲ್ಲದೆ ಉತ್ತರ ಬಂದರೂ, −12 ಕಿಲೋ ಮೆಕ್ಕೆಜೋಳ ಎಂಬಂಥ ಸಂಖ್ಯೆಯನ್ನು ನೋಡಿ ಯಾರೂ ಸುಮ್ಮನಿರಲಾರರು. ಸೊನ್ನೆಯಾದರೋ ಉತ್ತರದಲ್ಲಿ ಸಹಜವಾಗಿ ಕಾಣುತ್ತದೆ; ಲೀನಿಯರ್ ಪ್ರೋಗ್ರಾಮಿಂಗ್ ಉತ್ತರಗಳಲ್ಲಿ ಬಹಳಷ್ಟು ಸೊನ್ನೆಗಳು ಇದ್ದೇ ಇರುತ್ತವೆ, ಅವುಗಳಲ್ಲಿ ಯಾವುದು ಸಮಸ್ಯೆಯಿಂದ ಬಂದದ್ದು, ಯಾವುದು ನಾವು ಬರೆಯದ ಮಿತಿಯಿಂದ ಬಂದದ್ದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಈ ಕಾರಣಕ್ಕೆ ಮುಕ್ತ ಚರದ ಡೀಫಾಲ್ಟನ್ನೇ ನಾನು ಹೆಚ್ಚು ಪ್ರಾಮಾಣಿಕ ಎಂದು ಪರಿಗಣಿಸುತ್ತೇನೆ.

ಆದರೂ ಒಮ್ಮೆ ಬೌಂಡ್ಸ್ ಬರೆಯಲು ತೊಡಗಿದರೆ ಲಿನ್‌ಪ್ರಾಗ್ ಪಲ್ಪ್‌ಗಿಂತ ಶಿಸ್ತಿನದು ಎಂಬುದನ್ನು ಒಪ್ಪಬೇಕು. ಪಲ್ಪ್‌ನಲ್ಲಿ ಮೇಲ್ಮಿತಿ 40 ಎಂದಷ್ಟೇ ಬರೆದರೆ ಕೆಳಬದಿ ತೆರೆದೇ ಉಳಿಯುತ್ತದೆ. ಲಿನ್‌ಪ್ರಾಗ್‌ನಲ್ಲಿ ಜೋಡಿಯೇ ಬೇಕಾದ್ದರಿಂದ 40ರ ಎಡಕ್ಕೆ ಏನಾದರೊಂದನ್ನು ಬರೆಯದೆ ವಿಧಿಯಿಲ್ಲ. ಚರಗಳ ಸಂಖ್ಯೆಗೂ ಜೋಡಿಗಳ ಸಂಖ್ಯೆಗೂ ತಾಳೆಯಾಗದಿದ್ದರೆ ಅದು ಕೂಡಲೇ ದೋಷ ತೋರಿಸುತ್ತದೆ. ಕೆಳಮಿತಿಗಳ ಪಟ್ಟಿ ಒಂದು, ಮೇಲ್ಮಿತಿಗಳ ಪಟ್ಟಿ ಇನ್ನೊಂದು ಎಂದು ಮ್ಯಾಟ್‌ಲ್ಯಾಬ್ ಅಭ್ಯಾಸದಂತೆ ಕೊಟ್ಟರೆ, ಮೂರು ಅಥವಾ ಹೆಚ್ಚು ಚರಗಳಿದ್ದಾಗ ಅದನ್ನೂ ಹಿಡಿದುಹಾಕುತ್ತದೆ. ಸರಿಯಾಗಿ ಎರಡೇ ಚರಗಳಿದ್ದಾಗ ಮಾತ್ರ ಅದು ಹಿಡಿಯಲಾರದು. ಕೆಳಮಿತಿಗಳು 0 ಮತ್ತು 0, ಮೇಲ್ಮಿತಿಗಳು 4 ಮತ್ತು 5 ಎಂಬ ಭಾವನೆಯಿಂದ [(0, 0), (4, 5)] ಎಂದು ಬರೆದರೆ, ಮೊದಲ ಚರ ಸೊನ್ನೆಯಲ್ಲೇ ಸ್ಥಿರ, ಎರಡನೆಯದು 4ರಿಂದ 5ರ ನಡುವೆ ಎಂದು ಅದು ಓದಿಕೊಳ್ಳುತ್ತದೆ, ಏಕೆಂದರೆ ಆಕಾರದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ತರಗತಿಯಲ್ಲಿ ಗ್ರಾಫ್ ಬರೆದು ಬಿಡಿಸುವ ಲೆಕ್ಕಗಳೆಲ್ಲ ಎರಡು ಚರಗಳವೇ ಆಗಿರುವುದರಿಂದ, ಹೊಸದಾಗಿ ಕಲಿಯುವವರೇ ಇದಕ್ಕೆ ಸಿಕ್ಕಿಬೀಳುವುದು ಎಂಬುದು ಖೇದದ ಸಂಗತಿ. ಅಧ್ಯಾಪಕರು ಮೊದಲ ದಿನವೇ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಒಳಿತು.

ಪೂರ್ಣಾಂಕ ಸಮಸ್ಯೆಗಳಿಗಾಗಿ ಸೈಪೈ 1.9ರಲ್ಲಿ ಬಂದ ‘ಮಿಲ್ಪ್’ ಫಂಕ್ಷನ್ನಿನಲ್ಲಿ ಕೆಳಮಿತಿ ಮೇಲ್ಮಿತಿಗಳನ್ನು ಬೇರೆಬೇರೆ ಹೆಸರಿನಡಿ ಕೊಡುವ ‘ಬೌಂಡ್ಸ್’ ಎಂಬ ಆಬ್ಜೆಕ್ಟ್ ಬಳಸುತ್ತಾರೆ. ಆ ಕ್ರಮ ಸ್ಪಷ್ಟವಾದದ್ದೇ. ಆದರೆ ಮಿಲ್ಪ್‌ಗೆ ಆಬ್ಜೆಕ್ಟನ್ನೇ ಕೊಡದಿದ್ದರೆ ಕೆಳಮಿತಿ ಸೊನ್ನೆ; ಆಬ್ಜೆಕ್ಟ್ ಕೊಟ್ಟು ಅದರಲ್ಲಿ ಮೇಲ್ಮಿತಿಯನ್ನು ಮಾತ್ರ ಬರೆದರೆ ಕೆಳಮಿತಿ ಋಣ ಅನಂತ. ಒಂದೇ ಲೈಬ್ರರಿಯ ಒಂದೇ ಫಂಕ್ಷನ್ನಿನೊಳಗೆ ಎರಡು ಬಗೆಯ ಮೌನ ಇರುವುದು ಸರಿಯಲ್ಲ.

‘ಮಿತಿಯಿಲ್ಲ’ ಎಂದು ಹೇಳಬೇಕಾದಲ್ಲಿ 999999999ರಂಥ ದೊಡ್ಡ ಸಂಖ್ಯೆಯನ್ನು ತುಂಬುವ ಅಭ್ಯಾಸ ಅನೇಕರ ಕೋಡಿನಲ್ಲಿ ಕಾಣುತ್ತದೆ. ಇದನ್ನು ಬಿಡಬೇಕು. ನಿರ್ಬಂಧವೊಂದನ್ನು ಬರೆಯಲು ಮರೆತು ಸಮಸ್ಯೆ ನಿಜಕ್ಕೂ ಕೊನೆಯಿಲ್ಲದಂತಾಗಿದ್ದರೆ, ‘ನನ್’ ಇದ್ದಾಗ ಲಿನ್‌ಪ್ರಾಗ್ ಸ್ಥಿತಿ ಸಂಖ್ಯೆ 3 ಕೊಟ್ಟು ಅದನ್ನು ಹೇಳುತ್ತದೆ. ದೊಡ್ಡ ಸಂಖ್ಯೆ ಇದ್ದಾಗ ಅದಕ್ಕೇ ತಗುಲಿಕೊಂಡ ಒಂದು ‘ಶ್ರೇಷ್ಠ’ ಉತ್ತರ ತಂದುಕೊಡುತ್ತದೆ. ಮೇಲಾಗಿ, ಒಂದೇ ಸಮಸ್ಯೆಯಲ್ಲಿ ಬಿಡಿ ಕಿಲೋಗಳೂ ನೂರು ಕೋಟಿಯ ಮಿತಿಗಳೂ ಬೆರೆತರೆ ಲೆಕ್ಕದ ನಿಖರತೆಗೂ ಅದು ಒಳ್ಳೆಯದಲ್ಲ.

ಇನ್ನೊಂದು ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುತ್ತಾರೆ: ಬೂಸಾ 40ನ್ನು ಮೀರಬಾರದು ಎಂಬುದನ್ನು ನಿರ್ಬಂಧಗಳ ಮ್ಯಾಟ್ರಿಕ್ಸಿನಲ್ಲೇ ಒಂದು ಸಾಲಾಗಿ ಬರೆದರೆ ಏನಾಯಿತು? ಉತ್ತರ ಬದಲಾಗುವುದಿಲ್ಲ. ಆದರೆ ಸಿಂಪ್ಲೆಕ್ಸ್ ವಿಧಾನದ ಕೆಲಸದ ಭಾರ ಮುಖ್ಯವಾಗಿ ಸಾಲುಗಳ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಮಿತಿಗಳನ್ನು ಮಿತಿಗಳಾಗಿಯೇ ಕೊಟ್ಟರೆ ಸಾಲು ಹೆಚ್ಚುವುದಿಲ್ಲ, ಚರ ತನ್ನ ಕೆಳಮಿತಿಯಲ್ಲಿದೆಯೋ ಮೇಲ್ಮಿತಿಯಲ್ಲಿದೆಯೋ ಎಂದು ನೆನಪಿಟ್ಟುಕೊಂಡರೆ ಸಾಕಾಗುತ್ತದೆ. ಇಂದಿನ ಸಾಲ್ವರ್‌ಗಳು ಒಂದೇ ಚರವಿರುವ ಸಾಲನ್ನು ಆರಂಭದಲ್ಲೇ ಮಿತಿಯಾಗಿ ಪರಿವರ್ತಿಸಿಕೊಳ್ಳುವುದರಿಂದ ವೇಗದ ನಷ್ಟ ಅಷ್ಟಾಗಿ ತಿಳಿಯದು. ಓದುವವನಿಗಂತೂ ವ್ಯತ್ಯಾಸ ತಿಳಿಯುತ್ತದೆ: ಆರು ಜೋಡಿಗಳ ಪಟ್ಟಿಯನ್ನು ಪಶುವೈದ್ಯರಿಗೂ ತೋರಿಸಿ ಸರಿಯೇ ಎಂದು ಕೇಳಬಹುದು, ಚಿಹ್ನೆ ತಿರುಗಿಸಿದ ಮ್ಯಾಟ್ರಿಕ್ಸ್ ಸಾಲನ್ನು ಹಾಗೆ ತೋರಿಸಲಾಗದು.

ಲಿನ್‌ಪ್ರಾಗ್‌ನಲ್ಲಿ ನಾನು ಮನಸಾರೆ ಮೆಚ್ಚುವ ಭಾಗ ಉತ್ತರದ ಜೊತೆಗೆ ಬರುವ ಮಿತಿಗಳ ಲೆಕ್ಕ. ಫಲಿತಾಂಶದ ಆಬ್ಜೆಕ್ಟಿನಲ್ಲಿ ‘ಲೋವರ್’, ‘ಅಪ್ಪರ್’ ಎಂಬ ಎರಡು ವಿಭಾಗಗಳಿವೆ. ಪ್ರತಿಯೊಂದರಲ್ಲೂ ‘ರೆಸಿಡ್ಯುಯಲ್’ ಮತ್ತು ‘ಮಾರ್ಜಿನಲ್ಸ್’ ಇವೆ. ಮೊದಲನೆಯದು ಚರ ಆ ಮಿತಿಯಿಂದ ಎಷ್ಟು ದೂರದಲ್ಲಿದೆ ಎಂದು ಹೇಳಿದರೆ, ಎರಡನೆಯದು ಆ ಮಿತಿಯನ್ನು ಒಂದು ಮಾನದಷ್ಟು ಸಡಿಲಿಸಿದರೆ ಖರ್ಚು ಯಾವ ದರದಲ್ಲಿ ಬದಲಾಗುತ್ತದೆ ಎಂದು ಹೇಳುತ್ತದೆ. ನಮ್ಮ ದಾಣಿಯ ಕೊನೆಯ ಉತ್ತರದಲ್ಲಿ ಬೂಸಾದ ಮೇಲ್ಮಿತಿಯ ಬೆಲೆ −5.39, ಯೂರಿಯಾದ ಮೇಲ್ಮಿತಿಯ ಬೆಲೆ −202.66. ಬೂಸಾವನ್ನು 40ರಿಂದ 41ಕ್ಕೆ ಏರಿಸಿದರೆ ನೂರು ಕಿಲೋ ದಾಣಿಗೆ ಐದು ರೂಪಾಯಿ ಚಿಲ್ಲರೆ ಉಳಿಯುತ್ತದೆ. ಯೂರಿಯಾವನ್ನು 1ರಿಂದ 2ಕ್ಕೆ ಏರಿಸಿದರೆ ಇನ್ನೂರಕ್ಕೂ ಹೆಚ್ಚು. ಖರ್ಚು 2841.31ರಿಂದ 2638.65ಕ್ಕೆ ಇಳಿಯುವುದನ್ನು ಮತ್ತೆ ಓಡಿಸಿಯೂ ನೋಡಬಹುದು. ಈ ಎರಡನೆಯ ಸಂಖ್ಯೆಯನ್ನು ನಾನು ಉಳಿತಾಯದ ಸೂಚನೆಯಾಗಿ ಓದುವುದಿಲ್ಲ. ಯಾವ ಮಿತಿಯ ಮೇಲೆ ಲಾಭದ ಒತ್ತಡ ಅತಿ ಹೆಚ್ಚಾಗಿದೆಯೋ ಆ ಮಿತಿಯನ್ನು ಅತಿ ಎಚ್ಚರದಿಂದ ಕಾಯಬೇಕು, ಅದರ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ಕೋಡಿನ ಪಕ್ಕದಲ್ಲೇ ಬರೆದಿಡಬೇಕು. ಬರೆಯದೆ ಬಂದ ಸೊನ್ನೆಯನ್ನು ಪತ್ತೆ ಹಚ್ಚಲೂ ಇದೇ ಭಾಗ ನೆರವಾಗುತ್ತದೆ: ಮೇಲಿನ ಸರಳರೇಖೆಯ ಲೆಕ್ಕದಲ್ಲಿ ಇಳಿಜಾರಿನ ‘ಲೋವರ್’ ವಿಭಾಗದ ಬೆಲೆ ಸೊನ್ನೆಯಾಗಿರುವುದಿಲ್ಲ, ಅಂದರೆ ಆ ಚರ ಸೊನ್ನೆಯಲ್ಲಿ ನಿಂತದ್ದು ತಾನಾಗಿ ಅಲ್ಲ, ಮಿತಿ ತಡೆದು ನಿಲ್ಲಿಸಿದ್ದರಿಂದ ಎಂದು ಅದು ಹೇಳುತ್ತಿರುತ್ತದೆ. ಇಷ್ಟು ಉಪಯುಕ್ತ ಮಾಹಿತಿಯನ್ನು ಬಹಳ ಜನ ಮುದ್ರಿಸಿ ನೋಡುವುದೇ ಇಲ್ಲ.

ಕೊರತೆಗಳೂ ಇವೆ. ಚರಗಳಿಗೆ ಹೆಸರಿಲ್ಲ, ಸ್ಥಾನ ಮಾತ್ರ. ನಲವತ್ತು ಪದಾರ್ಥಗಳ ಪಟ್ಟಿಯಲ್ಲಿ ಒಂದನ್ನು ನಡುವೆ ಸೇರಿಸಿ ಬೌಂಡ್ಸ್‌ನಲ್ಲಿ ಕೊನೆಗೆ ಸೇರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಮಿತಿಗಳೂ ಒಂದೊಂದು ಮನೆ ಸರಿಯುತ್ತವೆ. ಪದಾರ್ಥದ ಹೆಸರಿಗೆ ಜೋಡಿಯನ್ನು ಕಟ್ಟಿದ ಡಿಕ್ಷನರಿಯೊಂದನ್ನು ಇಟ್ಟುಕೊಂಡು, ದರ, ಪ್ರೋಟೀನ್, ಮಿತಿ ಮೂರನ್ನೂ ಒಂದೇ ಹೆಸರುಪಟ್ಟಿಯ ಕ್ರಮದಲ್ಲಿ ತೆಗೆಯುವುದರಿಂದ ಇದನ್ನು ತಪ್ಪಿಸಬಹುದು. ಮಿತಿಗಳು ಪರಸ್ಪರ ವಿರುದ್ಧವಾಗಿ ಪರಿಹಾರವೇ ಇಲ್ಲವಾದಾಗ ಲಿನ್‌ಪ್ರಾಗ್ ಸ್ಥಿತಿ ಸಂಖ್ಯೆ 2 ಕೊಡುತ್ತದೆಯೇ ಹೊರತು ಯಾವ ಮಿತಿ ಯಾವುದರೊಡನೆ ಜಗಳವಾಡುತ್ತಿದೆ ಎಂದು ತೋರಿಸುವುದಿಲ್ಲ. ಗುರೋಬಿ ಅದನ್ನು ಕೆಳಮಿತಿ ಮೇಲ್ಮಿತಿಗಳ ಮಟ್ಟದಲ್ಲೇ ಬೆರಳಿಟ್ಟು ತೋರಿಸುತ್ತದೆ, ಆದರೆ ಅದು ಹಣ ಕೊಟ್ಟು ಕೊಳ್ಳುವ ಸಾಲ್ವರ್. ಒಂದೇ ಮಿತಿಯನ್ನು ಬದಲಿಸುತ್ತ ನೂರಾರು ಸಲ ಬಿಡಿಸಬೇಕಾದಾಗ ಲಿನ್‌ಪ್ರಾಗ್ ಪ್ರತಿ ಸಲವೂ ಮೊದಲಿನಿಂದ ಆರಂಭಿಸುತ್ತದೆ. ಮಿತಿ ಬದಲಾದ ಮೇಲೆ ಹಿಂದಿನ ಉತ್ತರದಿಂದ ಮುಂದುವರಿಯುವುದು ಸಿಂಪ್ಲೆಕ್ಸ್‌ನ ಒಂದು ರೂಪವಾದ ಡ್ಯುಯಲ್ ಸಿಂಪ್ಲೆಕ್ಸ್‌ಗೆ ಹೇಳಿ ಮಾಡಿಸಿದ ಕೆಲಸ. ಹೈಸ್‌ನ ಸ್ವಂತ ಪೈಥಾನ್ ಪ್ಯಾಕೇಜಿನಲ್ಲಿ ಒಂದು ಕಾಲಂನ ಮಿತಿಗಳನ್ನು ಬದಲಿಸಿ ಅಲ್ಲಿಂದಲೇ ಮುಂದೆ ಓಡಿಸುವ ಸೌಲಭ್ಯವಿದೆ. ಅಂಥ ಕೆಲಸ ಇರುವವರು ಅದನ್ನೇ ಹಿಡಿಯಲಿ.

ಹೆಸರಿಟ್ಟು ಮಾದರಿ ಬರೆಯಲು ಇಷ್ಟಪಡುವವರಿಗೆ, ಇತರರು ಓದಿ ತಿದ್ದಬೇಕಾದ ಕೋಡಿಗೆ ಪಲ್ಪ್ ಉತ್ತಮ. ಅಲ್ಲಿ ಪ್ರತಿ ಚರಕ್ಕೂ ಕೆಳಮಿತಿ ಸೊನ್ನೆ ಎಂದು ಕೈಯಾರೆ ಬರೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ದತ್ತಾಂಶವೆಲ್ಲ ಈಗಾಗಲೇ ನಂಪೈ ಅರೇಗಳಲ್ಲಿರುವವರಿಗೆ, ಮಿತಿಗಳ ಬೆಲೆಯನ್ನು ಓದುವ ಆಸಕ್ತಿಯುಳ್ಳವರಿಗೆ ನಾನು ಲಿನ್‌ಪ್ರಾಗನ್ನೇ ಶಿಫಾರಸು ಮಾಡುತ್ತೇನೆ, ಒಂದು ಷರತ್ತಿನೊಡನೆ: ಬೌಂಡ್ಸ್ ಆರ್ಗ್ಯುಮೆಂಟ್ ಇಲ್ಲದ ಕರೆಯನ್ನು ಅಪೂರ್ಣ ಎಂದೇ ತಿಳಿಯಬೇಕು, ಬೇಕಾಗಿರುವುದು (0, ನನ್) ಆಗಿದ್ದರೂ ಅದನ್ನು ಬರೆದೇ ಬಿಡಬೇಕು. ಸೈಪೈ ನಿರ್ವಹಿಸುವವರು ಬಹುಕಾಲದಿಂದ ಬಂದ ಡೀಫಾಲ್ಟನ್ನು ಈಗ ಬದಲಿಸಿದರೆ ಜಗತ್ತಿನಾದ್ಯಂತ ಓಡುತ್ತಿರುವ ಕೋಡಿನ ಉತ್ತರಗಳು ಸದ್ದಿಲ್ಲದೆ ಬದಲಾಗಿಬಿಡುತ್ತವೆ, ಆದ್ದರಿಂದ ಅದನ್ನು ನಾನು ಕೇಳುವುದಿಲ್ಲ. ಬೌಂಡ್ಸ್ ಕೊಡದೆ ಕರೆದಾಗ, ಸೊನ್ನೆಯ ಕೆಳಮಿತಿಗೆ ತಗುಲಿ ನಿಂತ ಚರಗಳು ಇವು ಎಂದು ಫಲಿತಾಂಶದ ಸಂದೇಶದಲ್ಲಿ ಒಂದು ಸಾಲು ಸೇರಿಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಕಾಣುವುದಿಲ್ಲ. ಬೇಕಾದ ಮಾಹಿತಿಯೆಲ್ಲ ಅದೇ ಆಬ್ಜೆಕ್ಟಿನ ‘ಲೋವರ್’ ವಿಭಾಗದಲ್ಲಿ ಈಗಾಗಲೇ ಇದೆ.